ಎಂಎಲ್ ಅಲ್ಲ, ಎಂಜಿ ಕೇಳಿ: ನಾಯಿ, ಬೆಕ್ಕಿಗೆ ತೂಕ ನೋಡಿ ಔಷಧಿ ಲೆಕ್ಕ ಹಾಕುವುದು ಹೇಗೆ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕರಿಯನ ಹಿಂಗಾಲಿಗೆ ಬೈಕ್ ತಾಗಿತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಬೀದಿಯಲ್ಲೇ ಹುಟ್ಟಿ, ನಮ್ಮ ಮನೆ ಮೆಟ್ಟಿಲ ಮೇಲೆ ಬೆಳೆದ ನಾಟಿ ನಾಯಿ ಅದು. ಮೂಳೆ ಮುರಿದಿರಲಿಲ್ಲ, ಊತ ಜಾಸ್ತಿ ಇತ್ತು. ಡಾಕ್ಟರು ತೂಗಿ ನೋಡಿದರು, 12 ಕೆಜಿ. ನೋವಿಗೆ ಮೆಲಾಕ್ಸಿಕ್ಯಾಮ್ ಸಿರಪ್ ಬರೆದರು. ಮೊದಲ ದಿನ 4.8 ಎಂಎಲ್, ಆಮೇಲೆ ದಿನಕ್ಕೆ ಒಂದು ಸಲ 2.4 ಎಂಎಲ್. ಆ 2.4 ಅನ್ನೋ ಅಂಕಿಯನ್ನು ನಾನು ಬಾಯಿಪಾಠ ಮಾಡಿಕೊಂಡೆ.

15 ಎಂಎಲ್ ಬಾಟಲಿ ಐದು ದಿನಕ್ಕೆ ಖಾಲಿಯಾಯಿತು. ಇನ್ನೂ ನಾಲ್ಕು ದಿನ ಕೊಡಬೇಕಿತ್ತು. ಅಂಗಡಿಗೆ ಹೋದೆ. ಆ ಕಂಪನಿಯದು ಇರಲಿಲ್ಲ. ‘ಅದೇ ಔಷಧಿ, ಬೇರೆ ಕಂಪನಿ’ ಎಂದು ಇನ್ನೊಂದು ಬಾಟಲಿ ಕೊಟ್ಟರು. ತಂದು ಅದೇ 2.4 ಎಂಎಲ್ ಕೊಟ್ಟೆ. ಎರಡನೇ ದಿನ ಕರಿಯ ಅನ್ನ ಮೂಸಿ ನೋಡಿ ತಿರುಗಿ ಮಲಗಿತು. ಮೂರನೇ ದಿನ ಬೆಳಿಗ್ಗೆ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಕಕ್ಕಸು ಮಾಡಿತ್ತು. ಹೊಟ್ಟೆಯೊಳಗೆ ರಕ್ತ ಸೋರಿದರೆ ಹಾಗಾಗುತ್ತದೆ.

ಡಾಕ್ಟರು ಎರಡೂ ಬಾಟಲಿ ಪಕ್ಕ ಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ 1 ಎಂಎಲ್‌ಗೆ 0.5 ಎಂಜಿ (ಮಿಲಿಗ್ರಾಂ) ಔಷಧಿ. ಹೊಸದರಲ್ಲಿ 1 ಎಂಎಲ್‌ಗೆ 1.5 ಎಂಜಿ. ಹೆಸರು ಒಂದೇ, ಸಿರಪ್‌ನ ಬಣ್ಣವೂ ಹೆಚ್ಚು ಕಡಿಮೆ ಒಂದೇ. ನಾನು ಎರಡು ದಿನ ಮೂರು ಪಟ್ಟು ಡೋಸ್ ಕೊಟ್ಟಿದ್ದೆ. ಸಿರಪ್ ನಿಲ್ಲಿಸಿ, ಹೊಟ್ಟೆಗೆ ಔಷಧಿ ಕೊಟ್ಟು, ಡ್ರಿಪ್ ಹಾಕಿ ಒಂದು ವಾರ ನೋಡಿಕೊಂಡ ಮೇಲೆ ಕರಿಯ ಸುಧಾರಿಸಿತು.

ಆ ದಿನ ಡಾಕ್ಟರು ಹೇಳಿದ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಎಂಎಲ್ ಅನ್ನೋದು ಡೋಸ್ ಅಲ್ಲ. ಅದು ನೀರಿನ ಅಳತೆ ಅಷ್ಟೇ. ಡೋಸ್ ಅಂದರೆ ಎಂಜಿ. ಆ ಎಂಜಿ ನಿಂತಿರುವುದು ಪ್ರಾಣಿಯ ತೂಕದ ಮೇಲೆ. ಇದೊಂದು ತಲೆಯಲ್ಲಿ ಕೂತರೆ ಉಳಿದ ಲೆಕ್ಕ ಐದನೇ ಕ್ಲಾಸಿನ ಮಕ್ಕಳೂ ಮಾಡಬಹುದು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಯಾವ ಔಷಧಿ, ಒಂದು ಕೆಜಿಗೆ ಎಷ್ಟು ಎಂಜಿ, ಎಷ್ಟು ದಿನ, ಈ ಮೂರನ್ನು ಹೇಳಬೇಕಾದವರು ಪಶು ವೈದ್ಯರು. ಅದು ನಮ್ಮ ಕೆಲಸ ಅಲ್ಲ. ಅವರು ಹೇಳಿದ್ದು ನಮ್ಮ ಪ್ರಾಣಿಯ ಬಾಯಿಗೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುವುದು ಮಾತ್ರ ನಮ್ಮದೇ ಕೆಲಸ. ಕೆಳಗೆ ಬರುವ ಅಂಕಿಗಳೆಲ್ಲ ಲೆಕ್ಕ ಕಲಿಯಲು. ಅದನ್ನೇ ನೋಡಿ ಔಷಧಿ ಶುರು ಮಾಡಬೇಡಿ.

ಮೊದಲ ಹೆಜ್ಜೆ: ತೂಗಿ, ಅಂದಾಜು ಹಾಕಬೇಡಿ

ಕಣ್ಣಂದಾಜು ಮೋಸ ಮಾಡುತ್ತದೆ. ನಮ್ಮ ಪಕ್ಕದ ಮನೆಯ ಪೊಮೆರೇನಿಯನ್ ನೋಡಿದವರೆಲ್ಲ ‘ಎಂಟು ಕೆಜಿ ಇದ್ದೇ ಇರುತ್ತೆ’ ಅನ್ನುತ್ತಿದ್ದರು. ತೂಗಿದರೆ 5 ಕೆಜಿ 200 ಗ್ರಾಂ. ಉಳಿದದ್ದೆಲ್ಲ ಕೂದಲು. ಎಂಟು ಅಂದುಕೊಂಡು ಕೊಟ್ಟಿದ್ದರೆ ಪ್ರತಿ ಸಲ ಒಂದೂವರೆ ಪಟ್ಟು ಔಷಧಿ ಹೋಗುತ್ತಿತ್ತು. ಮುಧೋಳ ನಾಯಿಯದು ಇದಕ್ಕೆ ಉಲ್ಟಾ. ಎಲುಬು ಎಣಿಸುವ ಹಾಗೆ ಕಾಣುತ್ತದೆ, ತೂಗಿದರೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ.

ಮಧ್ಯಮ ಗಾತ್ರದ ನಾಯಿಗೆ ಮನೆಯಲ್ಲಿ ನಾವು ನಿಂತು ನೋಡುವ ತೂಕದ ಮಷಿನ್ ಸಾಕು. ಮೊದಲು ನೀವೊಬ್ಬರೇ ನಿಲ್ಲಿ, ಬರೆದುಕೊಳ್ಳಿ. ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಬರೆದುಕೊಳ್ಳಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ನಾನು 64.3, ಕರಿಯನ ಜೊತೆ 76.3, ಹಾಗಾದರೆ ಕರಿಯ 12. ಮಷಿನ್ ಅನ್ನು ಟೈಲ್ಸ್ ಮೇಲೆ ಸಮವಾಗಿ ಇಡಿ, ಚಾಪೆ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ಎರಡು ಸಲ ಮಾಡಿ. ಎರಡು ಸಲವೂ ಒಂದೇ ಬಂದರೆ ನಂಬಿ.

ಬೆಕ್ಕಿನ ಮರಿ, ಎರಡು ಮೂರು ವಾರದ ನಾಯಿಮರಿ, ಮೊಲ, ಇವುಗಳಿಗೆ ಈ ಕಳೆಯುವ ಲೆಕ್ಕ ಆಗುವುದಿಲ್ಲ. ಆ ಮಷಿನ್‌ನಲ್ಲಿ ನೂರಿನ್ನೂರು ಗ್ರಾಂ ಆಚೀಚೆ ಆಗುವುದು ಸಾಮಾನ್ಯ. 12 ಕೆಜಿ ನಾಯಿಗೆ ಅದು ಏನೂ ಅಲ್ಲ. 600 ಗ್ರಾಂ ಮರಿಗೆ ಅದು ಮೂರನೇ ಒಂದು ಭಾಗ. ಅವುಗಳಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಒಂದು ಸ್ಟೀಲ್ ಡಬ್ಬಿ ಇಟ್ಟು ಸೊನ್ನೆ ಮಾಡಿ, ಒಳಗೆ ಹಳೆಯ ಬಟ್ಟೆ ಹಾಕಿ ಮತ್ತೆ ಸೊನ್ನೆ ಮಾಡಿ, ಮರಿಯನ್ನು ಕೂರಿಸಿ. ಮನೆಯಲ್ಲಿ ಇಲ್ಲದಿದ್ದರೆ ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಇದ್ದೇ ಇರುತ್ತದೆ.

ಎತ್ತಲಾಗದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಇದ್ದರೆ? ನಮ್ಮ ಊರಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಮೆಕ್ಕೆಜೋಳದ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಎಪಿಎಂಸಿ ಕಡೆ, ದಲ್ಲಾಳಿ ಅಂಗಡಿಗಳಲ್ಲಿ, ಪಶು ಆಹಾರದ ಅಂಗಡಿಗಳಲ್ಲಿ ನೆಲದ ಮಟ್ಟಕ್ಕೇ ಇರುತ್ತದೆ. ಜನ ಕಡಿಮೆ ಇರುವ ಹೊತ್ತು ನೋಡಿ ಕೇಳಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ನಾಯಿಯನ್ನು ಮೇಲೆ ಕೂರಿಸಿ, ಹಗ್ಗ ಸಡಿಲ ಬಿಡಿ. ಹಗ್ಗ ಎಳೆದು ಹಿಡಿದರೆ ತೂಕ ಕಡಿಮೆ ತೋರಿಸುತ್ತದೆ.

ಮರಿಗಳನ್ನು ಪ್ರತಿ ಸಲ ಔಷಧಿ ಕೊಡುವ ದಿನವೇ ತೂಗಬೇಕು. ಜಂತುಹುಳದ ಔಷಧಿಯನ್ನು ಎರಡು ವಾರದ ವಯಸ್ಸಿನಿಂದ ಶುರು ಮಾಡಿ, ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಹೋದ ಸಲ 1 ಕೆಜಿ ಇದ್ದ ಮರಿ ಈ ಸಲ ಒಂದೂವರೆ ಆಗಿರುತ್ತದೆ. ಹಳೆಯ ಡೋಸ್ ಕೊಟ್ಟರೆ ಹುಳ ಪೂರ್ತಿ ಸಾಯದೆ ಉಳಿಯಬಹುದು. ಕಡಿಮೆ ಡೋಸ್ ಕೂಡ ತಪ್ಪೇ ಅಲ್ವಾ?

ತುಂಬಾ ದಪ್ಪಗಿರುವ ಪ್ರಾಣಿಯ ವಿಷಯ ಡಾಕ್ಟರಿಗೆ ಬಿಡಿ. ಕೆಲವು ಔಷಧಿಗೆ ಈಗಿನ ತೂಕ ಹಿಡಿಯುತ್ತಾರೆ, ಕೆಲವಕ್ಕೆ ಇರಬೇಕಾದ ತೂಕ ಹಿಡಿಯುತ್ತಾರೆ.

ಎರಡನೇ ಹೆಜ್ಜೆ: ಚೀಟಿಯಲ್ಲಿ ಎಂಜಿ ಬರೆಸಿಕೊಳ್ಳಿ

ಚೀಟಿಯಲ್ಲಿ ‘2.4 ಎಂಎಲ್’ ಅಂತ ಮಾತ್ರ ಇದ್ದರೆ, ಅಲ್ಲೇ ನಿಂತು ಕೇಳಿ: ‘ಸರ್, ಇದು ಎಷ್ಟು ಎಂಜಿ? ಕೆಜಿಗೆ ಎಷ್ಟರ ಲೆಕ್ಕ?’ ಯಾವ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೇ ಪೆನ್ ತೆಗೆದು ‘ಕೆಜಿಗೆ 0.1 ಎಂಜಿ, ಒಟ್ಟು 1.2 ಎಂಜಿ’ ಎಂದು ಪಕ್ಕದಲ್ಲಿ ಬರೆದುಕೊಡುತ್ತಾರೆ. ನನ್ನ ಚೀಟಿಯಲ್ಲಿ ಈ ಒಂದು ಸಾಲು ಇದ್ದಿದ್ದರೆ ಕರಿಯನಿಗೆ ಹಾಗಾಗುತ್ತಿರಲಿಲ್ಲ.

ಇನ್ನೊಂದು ಕೇಳಲೇಬೇಕು. ಆ ಎಂಜಿ ಒಂದು ಸಲಕ್ಕೋ, ಇಡೀ ದಿನಕ್ಕೋ? ‘ದಿನಕ್ಕೆ ಕೆಜಿಗೆ 10 ಎಂಜಿ, ಎರಡು ಸಲ ಹಂಚಿ’ ಅಂದರೆ ಒಂದು ಸಲಕ್ಕೆ 5. ‘ಕೆಜಿಗೆ 10 ಎಂಜಿ, ದಿನಕ್ಕೆ ಎರಡು ಸಲ’ ಅಂದರೆ ಒಂದು ಸಲಕ್ಕೇ 10, ದಿನಕ್ಕೆ 20. ಕೇಳುವುದಕ್ಕೆ ಒಂದೇ ಥರ ಇದ್ದರೂ ಎರಡರ ಮಧ್ಯೆ ದುಪ್ಪಟ್ಟು ವ್ಯತ್ಯಾಸ.

ಓ.ಡಿ. ಅಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ. ಎಸ್.ಓ.ಎಸ್. ಅಂತ ಇದ್ದರೆ ತೊಂದರೆ ಕಂಡಾಗ ಮಾತ್ರ. ಎರಡು ಸಲ ಅಂದರೆ ಆದಷ್ಟು ಹನ್ನೆರಡು ತಾಸಿಗೊಮ್ಮೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟು, ಸಂಜೆ ಐದಕ್ಕೆ ಮತ್ತೆ ಕೊಟ್ಟರೆ ಲೆಕ್ಕ ಸರಿ ಇದ್ದರೂ ಹೊತ್ತು ತಪ್ಪಿದ ಹಾಗೆ.

ಮೂರನೇ ಹೆಜ್ಜೆ: ಬಾಟಲಿ ಓದುವುದು

ಇಲ್ಲೇ ಜಾಸ್ತಿ ಜನ ಎಡವುವುದು, ನಾನೂ ಇಲ್ಲೇ ಎಡವಿದ್ದು. ಲೇಬಲ್ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ. ಅದನ್ನು ಬಿಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ‘ಪ್ರತಿ ಇಷ್ಟು ಎಂಎಲ್‌ನಲ್ಲಿ ಇಷ್ಟು ಎಂಜಿ’ ಅಂತ. ಬೇಕಾದ ಸಾಲು ಅದೇ. ಕನ್ನಡಕ ಹಾಕಿಕೊಳ್ಳಿ, ಇಲ್ಲವೇ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಅದು ಮೂರು ಥರ ಬರೆದಿರಬಹುದು.

ಕೆಲವು ಬಾಟಲಿಯಲ್ಲಿ 1 ಎಂಎಲ್‌ಗೆ ಎಷ್ಟು ಎಂದು ನೇರವಾಗಿ ಇರುತ್ತದೆ. ಏನೂ ಮಾಡಬೇಕಿಲ್ಲ.

ಕೆಲವದರಲ್ಲಿ 5 ಎಂಎಲ್‌ಗೆ ಎಷ್ಟು ಎಂದು ಇರುತ್ತದೆ. ಮಕ್ಕಳ ಸಿರಪ್‌ಗಳು ಹೆಚ್ಚಾಗಿ ಹೀಗೇ. ಐದರಿಂದ ಭಾಗಿಸಿ. 5 ಎಂಎಲ್‌ನಲ್ಲಿ 125 ಎಂಜಿ ಅಂದರೆ 1 ಎಂಎಲ್‌ನಲ್ಲಿ 25 ಎಂಜಿ. ಭಾಗಿಸುವುದು ಮರೆತರೆ ಕೊಡುವ ಔಷಧಿ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನು ಕೆಲವದರಲ್ಲಿ ಪರ್ಸೆಂಟ್ ಇರುತ್ತದೆ. 1 ಪರ್ಸೆಂಟ್ ಅಂದರೆ 100 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ 1000 ಎಂಜಿ. ಹಾಗಾದರೆ 1 ಎಂಎಲ್‌ನಲ್ಲಿ 10 ಎಂಜಿ. ಪರ್ಸೆಂಟಿಗೆ ಹತ್ತರಿಂದ ಗುಣಿಸಿ ಅಷ್ಟೇ. 2.5 ಪರ್ಸೆಂಟ್ ಅಂದರೆ ಎಂಎಲ್‌ಗೆ 25 ಎಂಜಿ. 10 ಪರ್ಸೆಂಟ್ ಅಂದರೆ ಎಂಎಲ್‌ಗೆ 100 ಎಂಜಿ. 1 ಪರ್ಸೆಂಟ್ ಅಂದರೆ 1 ಎಂಜಿ ಎಂದುಕೊಳ್ಳುವವರು ಬಹಳ ಮಂದಿ. ಅಲ್ಲಿಗೆ ಡೋಸ್ ಹತ್ತು ಪಟ್ಟಾಯಿತು.

ಎರಡು ಔಷಧಿ ಸೇರಿಸಿದ ಮಾತ್ರೆ ಇದ್ದರೆ, ಡಾಕ್ಟರು ಹೇಳಿದ ಎಂಜಿ ಒಂದರದೋ, ಎರಡೂ ಸೇರಿಸಿದ್ದೋ ಕೇಳಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇದಕ್ಕೆ ಒಳ್ಳೆಯ ಉದಾಹರಣೆ. 625 ಎಂದು ನಾವೆಲ್ಲ ಹೇಳುವ ಮಾತ್ರೆಯಲ್ಲಿ ಇರುವುದು 500 ಒಂದು, 125 ಇನ್ನೊಂದು. ಪ್ರಾಣಿಗಳಿಗೆ ಸಾಮಾನ್ಯವಾಗಿ ಎರಡೂ ಸೇರಿಸಿಯೇ ಲೆಕ್ಕ ಹೇಳುತ್ತಾರೆ.

ಹೊಸ ಬಾಟಲಿ ಬಂದಾಗಲೆಲ್ಲ ಈ ಹೆಜ್ಜೆಯನ್ನು ಮತ್ತೆ ಮಾಡಿ. ಅದೇ ಅಂಗಡಿ, ಅದೇ ಹೆಸರು ಆದರೂ ಮಾಡಿ.

ನಾಲ್ಕನೇ ಹೆಜ್ಜೆ: ಎರಡು ಸಾಲಿನ ಲೆಕ್ಕ

ಮೊದಲ ಸಾಲು: ತೂಕ × ಕೆಜಿಗೆ ಎಷ್ಟು ಎಂಜಿ = ಬೇಕಾದ ಎಂಜಿ.
ಎರಡನೇ ಸಾಲು: ಬೇಕಾದ ಎಂಜಿ ÷ 1 ಎಂಎಲ್‌ನಲ್ಲಿರುವ ಎಂಜಿ = ಕೊಡಬೇಕಾದ ಎಂಎಲ್.

ಕರಿಯನದೇ ತೆಗೆದುಕೊಳ್ಳಿ. 12 × 0.1 = 1.2 ಎಂಜಿ. ಹಳೆಯ ಬಾಟಲಿಯಲ್ಲಿ 1.2 ÷ 0.5 = 2.4 ಎಂಎಲ್. ಹೊಸ ಬಾಟಲಿಯಲ್ಲಿ 1.2 ÷ 1.5 = 0.8 ಎಂಎಲ್. ಎಂಜಿ ಬದಲಾಗಲಿಲ್ಲ, ಎಂಎಲ್ ಬದಲಾಯಿತು. ನಾನು ಕೊಡಬೇಕಿದ್ದದ್ದು ಸಿರಿಂಜಿನ ತಳದಲ್ಲಿ ಒಂದು ಚೂರು, ಕೊಟ್ಟದ್ದು ಅರ್ಧ ಸಿರಿಂಜ್.

ಬೆಕ್ಕಿನ ಮರಿಯದೊಂದು. ತೂಕ 800 ಗ್ರಾಂ. ಜಂತುಹುಳಕ್ಕೆ ಫೆನ್‌ಬೆಂಡಜೋಲ್, ಕೆಜಿಗೆ 50 ಎಂಜಿ, ದಿನಕ್ಕೊಮ್ಮೆ ಮೂರು ದಿನ ಎಂದು ಬರೆದಿದ್ದಾರೆ ಎಂದುಕೊಳ್ಳಿ. ಗ್ರಾಂ ಅನ್ನು ಮೊದಲು ಕೆಜಿ ಮಾಡಿ: 0.8. ಆಮೇಲೆ 0.8 × 50 = 40 ಎಂಜಿ. ಬಾಟಲಿ 2.5 ಪರ್ಸೆಂಟ್, ಅಂದರೆ ಎಂಎಲ್‌ಗೆ 25. ಆದ್ದರಿಂದ 40 ÷ 25 = 1.6 ಎಂಎಲ್.

ಮಾತ್ರೆಗೆ ಎರಡನೇ ಸಾಲಿನಲ್ಲಿ ಎಂಎಲ್ ಬದಲು ಮಾತ್ರೆ ಇಟ್ಟುಕೊಳ್ಳಿ. ನಮ್ಮ ಕಡೆ ಉಣ್ಣಿ ಜಾಸ್ತಿ, ಉಣ್ಣಿ ಜ್ವರವೂ ಜಾಸ್ತಿ. ಅದಕ್ಕೆ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆಯುತ್ತಾರೆ, ಕೆಜಿಗೆ 10 ಎಂಜಿ ದಿನಕ್ಕೊಮ್ಮೆ, ಸಾಮಾನ್ಯವಾಗಿ 28 ದಿನ. 21 ಕೆಜಿ ನಾಯಿಗೆ 210 ಎಂಜಿ ಆಯಿತು. ಅಂಗಡಿಯಲ್ಲಿ ಸಿಗುವುದು 100 ಎಂಜಿ ಮಾತ್ರೆ. 210 ÷ 100 = 2.1. ಎರಡು ಮಾತ್ರೆ ಸಾಕು. ಇಂಥ ಔಷಧಿಯಲ್ಲಿ ಇಷ್ಟು ಆಚೀಚೆ ನಡೆಯುತ್ತದೆ. ಆದರೆ ಇನ್ಸುಲಿನ್, ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್, ಹೃದಯದ ಔಷಧಿಗಳು, ಇವುಗಳಲ್ಲಿ ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಡಾಕ್ಟರನ್ನು ಕೇಳಿಯೇ ಸರಿ ಮಾಡಿಕೊಳ್ಳಿ. 28 ದಿನ ಅಂದರೆ 28 ದಿನ. ಹತ್ತನೇ ದಿನಕ್ಕೆ ನಾಯಿ ಕುಣಿದಾಡಿದರೂ ನಿಲ್ಲಿಸಬೇಡಿ.

ಕೊನೆಗೆ ಲೆಕ್ಕವನ್ನು ಹಿಂದಿನಿಂದ ಮಾಡಿ ನೋಡಿ. 1.6 ಎಂಎಲ್ × 25 = 40 ಎಂಜಿ, ಅದನ್ನು 0.8 ಕೆಜಿಯಿಂದ ಭಾಗಿಸಿದರೆ 50. ಡಾಕ್ಟರು ಹೇಳಿದ ಅಂಕಿಯೇ ವಾಪಸ್ ಬಂದರೆ ಲೆಕ್ಕ ಸರಿ. ಬಾರದಿದ್ದರೆ ಎಲ್ಲೋ ಚುಕ್ಕೆ ಜಾರಿದೆ. ಚುಕ್ಕೆ ವಿಷಯದಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ: ಚುಕ್ಕೆಯ ಎಡಕ್ಕೆ ಬೇರೆ ಅಂಕಿ ಇಲ್ಲದಿದ್ದರೆ ಯಾವಾಗಲೂ ಸೊನ್ನೆ ಬರೆಯಿರಿ. 0.5 ಎಂದು ಬರೆದರೆ ಯಾರೂ 5 ಅಂದುಕೊಳ್ಳುವುದಿಲ್ಲ. ಸೊನ್ನೆ ಬಿಟ್ಟು ಬರೆದರೆ, ರಾತ್ರಿ ಮಂದ ಬೆಳಕಿನಲ್ಲಿ ಅಮ್ಮನೋ ಮಗನೋ ಔಷಧಿ ಕೊಡುವಾಗ ಆ ಚುಕ್ಕೆ ಕಾಣುವುದೇ ಇಲ್ಲ.

ಐದನೇ ಹೆಜ್ಜೆ: ಅಳೆಯುವುದು, ಕೊಡುವುದು

ಚಮಚ ಬೇಡ. ನಮ್ಮ ಮನೆಯ ಮೂರು ಟೀ ಚಮಚಗಳಿಗೆ ಸಿರಿಂಜಿನಿಂದ ನೀರು ತುಂಬಿ ನೋಡಿದೆ. ಒಂದಕ್ಕೆ 3 ಎಂಎಲ್ ಹಿಡಿಯಿತು, ಇನ್ನೊಂದಕ್ಕೆ ನಾಲ್ಕೂವರೆ, ಅಜ್ಜಿ ಕಾಲದ ಸ್ಟೀಲ್ ಚಮಚಕ್ಕೆ 6. ‘ಒಂದು ಚಮಚ ಹಾಕಿ’ ಅನ್ನೋ ಮಾತಿನಲ್ಲೇ ದುಪ್ಪಟ್ಟು ವ್ಯತ್ಯಾಸ ಅಡಗಿದೆ.

ಮೆಡಿಕಲ್ ಶಾಪಿನಲ್ಲಿ ಸಿರಿಂಜ್ ಕೆಲವೇ ರೂಪಾಯಿಗೆ ಸಿಗುತ್ತದೆ. ಸೂಜಿ ತೆಗೆದು ಎಸೆಯಿರಿ. 1 ಎಂಎಲ್‌ಗಿಂತ ಕಡಿಮೆ ಇದ್ದರೆ 1 ಎಂಎಲ್ ಸಿರಿಂಜ್, ಅದಕ್ಕಿಂತ ಜಾಸ್ತಿ ಇದ್ದರೆ 2 ಅಥವಾ 5 ಎಂಎಲ್‌ನದು. ಕಪ್ಪು ರಬ್ಬರಿನ ಯಾವ ಅಂಚು ಮೂತಿಯ ಕಡೆ ಇದೆಯೋ, ಔಷಧಿಗೆ ತಾಗಿಕೊಂಡಿದೆಯೋ, ಆ ಅಂಚು ಗೆರೆಗೆ ಬರಬೇಕು. ಹಿಂದಿನ ಅಂಚು ನೋಡಿ ಓದಬೇಡಿ. ಮೂತಿ ಮೇಲೆ ಮಾಡಿ, ಬೆರಳಿಂದ ತಟ್ಟಿ, ಗಾಳಿಗುಳ್ಳೆ ಹೊರಗೆ ಹಾಕಿದ ಮೇಲೆ ಓದಿ.

ಇನ್ಸುಲಿನ್ ಸಿರಿಂಜ್ ಕೈಗೆ ಸಿಕ್ಕಿತು ಎಂದು ಬೇರೆ ಔಷಧಿಗೆ ಬಳಸಬೇಡಿ. ಅದರ ಮೇಲಿರುವುದು ಎಂಎಲ್ ಅಲ್ಲ, ಯೂನಿಟ್. ಅದರಲ್ಲೂ ಎರಡು ಥರ. ಕೆಂಪು ಮುಚ್ಚಳದ ಯು-40 ರಲ್ಲಿ 40 ಯೂನಿಟ್‌ಗೆ 1 ಎಂಎಲ್. ಕಿತ್ತಳೆ ಮುಚ್ಚಳದ ಯು-100 ರಲ್ಲಿ 100 ಯೂನಿಟ್‌ಗೆ 1 ಎಂಎಲ್. ಎರಡರಲ್ಲೂ ‘10’ ಗೆರೆವರೆಗೆ ಎಳೆದರೆ ಒಂದರಲ್ಲಿ 0.25 ಎಂಎಲ್, ಇನ್ನೊಂದರಲ್ಲಿ 0.1 ಎಂಎಲ್. ಸಕ್ಕರೆ ಕಾಯಿಲೆ ಇರುವ ನಾಯಿ, ಬೆಕ್ಕು ಸಾಕಿದವರು ಬಾಟಲಿಯ ಅಂಕಿ ಮತ್ತು ಸಿರಿಂಜಿನ ಅಂಕಿ ಒಂದೇ ಇದೆಯಾ ಎಂದು ಪ್ರತಿ ಸಲ ನೋಡಲೇಬೇಕು.

ಬಾಟಲಿ ಅಲ್ಲಾಡಿಸುವುದು ಸುಮ್ನೆ ಶಾಸ್ತ್ರಕ್ಕಲ್ಲ. ಜಂತುಹುಳದ ಬಿಳಿ ಔಷಧಿಯನ್ನು ಎರಡು ದಿನ ಇಟ್ಟು ಬೆಳಕಿಗೆ ಹಿಡಿದು ನೋಡಿ. ಮೇಲೆ ತಿಳಿ, ಕೆಳಗೆ ಸುಣ್ಣದಂಥ ಗಸಿ. ಔಷಧಿ ಇರುವುದು ಆ ಗಸಿಯಲ್ಲಿ. ಅಲ್ಲಾಡಿಸದೆ ಕೊಟ್ಟರೆ ಮೊದಲ ಮರಿಗೆ ನೀರು, ಕೊನೆಯ ಮರಿಗೆ ಗಟ್ಟಿ ಔಷಧಿ. ತಳದ ಗಸಿ ಪೂರ್ತಿ ಬೆರೆಯುವವರೆಗೂ ಅಲ್ಲಾಡಿಸಿ, ಆಮೇಲೆ ಸಿರಿಂಜಿಗೆ ಎಳೆಯಿರಿ. ನಮ್ಮ ಊರ ಬೇಸಿಗೆಯಲ್ಲಿ ಬಾಟಲಿಯನ್ನು ಕಿಟಕಿ ಮೇಲೆ, ಶೀಟ್ ಮನೆಯ ಅಟ್ಟದ ಮೇಲೆ ಇಡಬೇಡಿ.

ಕೊಡುವಾಗ ದವಡೆಯ ಪಕ್ಕದಿಂದ ಸಿರಿಂಜ್ ಇಟ್ಟು, ಸ್ವಲ್ಪ ಸ್ವಲ್ಪ ಬಿಟ್ಟು, ನುಂಗಲು ಬಿಡಿ. ಕತ್ತು ಮೇಲೆತ್ತಿ ಒಂದೇ ಸಲ ಒತ್ತಿದರೆ ಶ್ವಾಸಕೋಶಕ್ಕೆ ಹೋಗಬಹುದು. ಮಾತ್ರೆಗೆ ನಾನು ರೊಟ್ಟಿ ಚೂರಿಗೆ ಬೆಣ್ಣೆ ಸವರಿ ಅದರೊಳಗೆ ಮಡಚುತ್ತೇನೆ. ದಾವಣಗೆರೆಯ ಮನೆಯಲ್ಲಿ ಬೆಣ್ಣೆಗೆ ಬರ ಇಲ್ಲವಲ್ಲ. ಡಾಕ್ಸಿಸೈಕ್ಲಿನ್ ಅನ್ನು ಮಾತ್ರ ಹಾಲು, ಮೊಸರಿನ ಜೊತೆ ಕೊಡಬೇಡಿ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬೆಕ್ಕಿಗೆ ಆ ಮಾತ್ರೆ ಕೊಟ್ಟರೆ ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ, ಗಂಟಲಲ್ಲಿ ಅಂಟಿಕೊಂಡರೆ ಅನ್ನನಾಳ ಸುಡುತ್ತದೆ. ಮಧ್ಯೆ ಗೆರೆ ಇಲ್ಲದ ಮಾತ್ರೆ, ಮೇಲೆ ಕೋಟಿಂಗ್ ಇರುವ ಮಾತ್ರೆಯನ್ನು ಕೇಳದೆ ಒಡೆಯಬೇಡಿ.

ಒಂದು ಡೋಸ್ ಮರೆತರೆ ಮುಂದಿನದನ್ನು ಡಬಲ್ ಮಾಡಬೇಡಿ.

ಕುರಿ ಔಷಧಿ ನಾಯಿಗೆ

ಇದನ್ನು ನಮ್ಮ ಕಡೆಯವರಿಗಾಗಿಯೇ ಬರೆಯಬೇಕು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆ ಕುರಿ ಇಲ್ಲದ ಹಟ್ಟಿ ಕಡಿಮೆ. ಹಟ್ಟಿ ಎಂದ ಮೇಲೆ ಹುಳಕ್ಕೆ ಹಾಕುವ ಐವರ್‌ಮೆಕ್ಟಿನ್ ಬಾಟಲಿ ಇದ್ದೇ ಇರುತ್ತದೆ. ನಾಯಿಗೆ ಕಜ್ಜಿಯೋ ಉಣ್ಣಿಯೋ ಆದರೆ ಅದೇ ಬಾಟಲಿಯಿಂದ 1 ಎಂಎಲ್ ಎಳೆದು ಚುಚ್ಚುವವರು ಇದ್ದಾರೆ.

ಲೆಕ್ಕ ಹಾಕಿ ನೋಡಿ. ಆ ಇಂಜೆಕ್ಷನ್ 1 ಪರ್ಸೆಂಟ್, ಅಂದರೆ ಎಂಎಲ್‌ಗೆ 10 ಎಂಜಿ. ಕುರಿ, ದನಕ್ಕೆ ಡೋಸ್ ಕೆಜಿಗೆ 0.2 ಎಂಜಿ. 50 ಕೆಜಿ ತೂಕಕ್ಕೆ 1 ಎಂಎಲ್ ಎಂದು ಕುರಿಗಾಹಿಗಳು ಹೇಳುವುದು ಅದಕ್ಕೇ. 10 ಕೆಜಿ ನಾಯಿಗೆ ಅದೇ 1 ಎಂಎಲ್ ಹಾಕಿದರೆ ಕೆಜಿಗೆ 1 ಎಂಜಿ ಬಿತ್ತು, ಕುರಿಯ ಡೋಸಿನ ಐದು ಪಟ್ಟು. ನಾಯಿಗಳ ಹೃದಯದ ಹುಳ ತಡೆಯಲು ಕೊಡುವ ಡೋಸ್ ಇದಕ್ಕಿಂತ ಎಷ್ಟೋ ಕಡಿಮೆ, ಕೆಜಿಗೆ 6 ಮೈಕ್ರೋಗ್ರಾಂ. 1000 ಮೈಕ್ರೋಗ್ರಾಂ ಸೇರಿದರೆ 1 ಎಂಜಿ. 10 ಕೆಜಿ ನಾಯಿಗೆ 0.06 ಎಂಜಿ. ಕುರಿಯ ಬಾಟಲಿಯಿಂದ ಅದನ್ನು ತೆಗೆಯಬೇಕೆಂದರೆ 0.006 ಎಂಎಲ್. ಯಾವ ಸಿರಿಂಜಿನಲ್ಲೂ ಅದನ್ನು ಅಳೆಯಲು ಆಗುವುದಿಲ್ಲ.

ಕೋಲಿ (Collie) ಎಂಬ ಕುರಿ ಕಾಯುವ ವಿದೇಶಿ ತಳಿ ಮತ್ತು ಅದರ ಮಿಶ್ರ ತಳಿಗಳ ಕೆಲವು ನಾಯಿಗಳಲ್ಲಿ ಇನ್ನೊಂದು ತೊಂದರೆ ಇದೆ. ಐವರ್‌ಮೆಕ್ಟಿನ್ ಮೆದುಳಿಗೆ ನುಗ್ಗದಂತೆ ಹೊರಗೆ ತಳ್ಳುವ ವ್ಯವಸ್ಥೆ ಅವುಗಳಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಬೇರೆ ನಾಯಿ ತಡೆದುಕೊಳ್ಳುವ ಡೋಸಿಗೆ ಇವು ತೂರಾಡಿ, ಕಣ್ಣು ಕಾಣದೆ, ಪ್ರಜ್ಞೆ ತಪ್ಪಿ ಬೀಳಬಹುದು. ತೂಕದ ಲೆಕ್ಕ ಎಷ್ಟು ಸರಿ ಇದ್ದರೂ ತಳಿ ಹೇಳದಿದ್ದರೆ ಅಪಾಯ. ಡಾಕ್ಟರಿಗೆ ತಳಿ, ವಯಸ್ಸು, ಬಸಿರು, ಕಿಡ್ನಿ ಲಿವರ್ ತೊಂದರೆ, ಈಗ ನಡೆಯುತ್ತಿರುವ ಬೇರೆ ಔಷಧಿ, ಎಲ್ಲ ಹೇಳಿ.

ಲೆಕ್ಕವೇ ಹಾಕಬಾರದ ಔಷಧಿಗಳು

ಬೆಕ್ಕಿಗೆ ಪ್ಯಾರಾಸಿಟಮಾಲ್ ಬೇಡವೇ ಬೇಡ. ಕಾಲು ಮಾತ್ರೆ, ಮಕ್ಕಳ ಡ್ರಾಪ್ಸ್, ಯಾವುದೂ ಬೇಡ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ. ಒಂದು 500 ಎಂಜಿ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಪ್ರೀತಿಯಿಂದ, ಜ್ವರ ಇಳಿಯಲಿ ಎಂದು ಕೊಟ್ಟವರೇ ಜಾಸ್ತಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೂ ಬೇಡ, ಬೆಕ್ಕಿಗೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಏಟು. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಅದಕ್ಕೇ 2006ರಲ್ಲಿ ನಮ್ಮ ದೇಶದಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ಮೆಲಾಕ್ಸಿಕ್ಯಾಮ್ ಮಾತ್ರೆ ಕೂಡ ಮುಟ್ಟಬೇಡಿ. ಅದು 7.5 ಅಥವಾ 15 ಎಂಜಿ ಇರುತ್ತದೆ. 5 ಕೆಜಿ ನಾಯಿಯ ದಿನದ ಡೋಸ್ 0.5 ಎಂಜಿ. ಚಿಕ್ಕ ಮಾತ್ರೆಯೇ ಹದಿನೈದು ಪಟ್ಟಾಯಿತು.

ನಾಯಿಯ ಬೆನ್ನಿಗೆ ಬಿಡುವ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಬಿಡಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ಫಿಟ್ಸ್ ಬಂದು ಬೀಳುತ್ತದೆ. ಸಕ್ಕರೆ ಇಲ್ಲದ ಸಿರಪ್ ಎಂದು ಬರೆದಿದ್ದರೆ ಒಳಗೆ ಜೈಲಿಟಾಲ್ ಇದೆಯಾ ನೋಡಿ, ಅದು ನಾಯಿಗೆ ವಿಷ.

ಜಾಸ್ತಿ ಹೋಗಿಬಿಟ್ಟರೆ

ವಾಂತಿ ಬರಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ, ಉಪ್ಪೇ ಇನ್ನೊಂದು ಅಪಾಯ. ಎಷ್ಟು ಎಂಎಲ್, ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಬರೆದುಕೊಳ್ಳಿ. ಬಾಟಲಿ ಅಥವಾ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ಡಾಕ್ಟರಿಗೆ ಫೋನ್ ಮಾಡಿ, ಹೊರಡಿ. ನಾನು ಹೋದಾಗ ಎರಡೂ ಬಾಟಲಿ ಒಯ್ದಿದ್ದೆ. ಅದರಿಂದಲೇ ಡಾಕ್ಟರಿಗೆ ಒಂದು ನಿಮಿಷದಲ್ಲಿ ಕಾರಣ ಸಿಕ್ಕಿತು. ಡಾಕ್ಟರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ.

ಫ್ರಿಜ್ ಮೇಲೊಂದು ಚೀಟಿ

ನಮ್ಮ ಮನೆಯಲ್ಲಿ ಈಗ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಮೇಲೆ ಹೆಸರು, ತೂಕ, ತೂಗಿದ ತಾರೀಕು. ಕೆಳಗೆ ಔಷಧಿಯ ಹೆಸರು, ಒಂದು ಸಲಕ್ಕೆ ಎಷ್ಟು ಎಂಜಿ, ಈ ಬಾಟಲಿಯಲ್ಲಿ 1 ಎಂಎಲ್‌ಗೆ ಎಷ್ಟು ಎಂಜಿ, ಹಾಗಾದರೆ ಎಷ್ಟು ಎಂಎಲ್. ಕೊನೆಗೆ ದಿನಕ್ಕೊಂದು ಚೌಕ. ಕೊಟ್ಟವರು ಅದರಲ್ಲಿ ಹೊತ್ತು ಬರೆಯಬೇಕು. ಬೆಳಿಗ್ಗೆ ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ನಾನು ಮತ್ತೆ ಕೊಡುವುದು ಇದರಿಂದ ನಿಂತಿತು. ಎಂಎಲ್ ಇರುವ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ, ಉಳಿದದ್ದು ಪೆನ್ನಿನಲ್ಲಿ. ಬಾಟಲಿ ಬದಲಾದ ದಿನ ಪೆನ್ಸಿಲ್ ಸಾಲು ಅಳಿಸಿ ಹೊಸ ಲೆಕ್ಕ ಹಾಕಬೇಕು, ಅದಾಗುವವರೆಗೂ ಮುಚ್ಚಳ ತೆಗೆಯುವ ಹಾಗಿಲ್ಲ.

ಮೊನ್ನೆ ಭಾನುವಾರ ಜಂತುಹುಳದ ಮಾತ್ರೆ ಕೊಡುವ ದಿನ ಬಂತು. ಕರಿಯನನ್ನು ಎತ್ತಿಕೊಂಡು ಮಷಿನ್ ಮೇಲೆ ನಿಂತೆ. 13 ಕೆಜಿ 200 ಗ್ರಾಂ. ಚೀಟಿಯಲ್ಲಿದ್ದ 12 ಹೊಡೆದು, ಪಕ್ಕದಲ್ಲಿ ಹೊಸ ಅಂಕಿ ಬರೆದೆ.